ಬಿಳಿ ಬಿಲ್ಲೆ

ಕರ್ಚೀಫು ತೆಗೆಯುವಾಗ ಜೇಬಿನಲ್ಲಿರುವ ಬಿಲ್ಲೆ ಕೆಳಗೆ ಬಿದ್ದುಬಿಟ್ಟರೆ? ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಜೋಡಿಸುತ್ತಿದ್ದ ಸಿಗ್ನೆಗೆ ಬೆಳಗಿನಿಂದ ಇದೊಂದೇ ಅಂಜಿಕೆ. ಪ್ರಾರ್ಥನೆಯ ಹೊತ್ತಿಗೂ ಅವಳು ತೋಳಿನಿಂದಲೇ ಮೂಗು ಒರೆಸಿಕೊಂಡಿದ್ದಳು.

ಮೇಲೆ, ಶವಪೆಟ್ಟಿಗೆಯಲ್ಲಿ, ಅಪ್ಪ ಆರ್ನೆ. ಡುಲೂತ್ ಊರಿನ ಏರುಬೀದಿಗಳಲ್ಲಿ ಮೂವತ್ತು ಚಳಿಗಾಲ ಹಿಮ ತೆಗೆಯುವ ಲಾರಿ ಓಡಿಸಿದವನು.

"ಕಾಫಿ ನೀರಾಗಿದೆ ಕಣೇ," ಎಂದಳು ಲೊರ್ನಾ ಅತ್ತೆ. "ನಿಮ್ಮಪ್ಪ ಇದ್ದಿದ್ರೆ, ಲಾರಿ ರೇಡಿಯೇಟರಿಗೆ ಸುರೀರಿ ಅಂತಿದ್ದ."

ಡೆಲ್ ನಕ್ಕ. ಕುಡಿತ ಬಿಟ್ಟವರ ಕೂಟದಲ್ಲಿ ಆರ್ನೆಯನ್ನು ಕೈಹಿಡಿದು ನಡೆಸಿದವನು ಅವನೇ. "ಹತ್ತೊಂಬತ್ತು ವರ್ಷ ಒಂದು ಹನಿ ಮುಟ್ಟಿರ್ಲಿಲ್ಲ. ಕೊನೇಲಿ ಜಾರಿದ. ಆಮೇಲೆ ತಲೇಲಿ ಗಡ್ಡೆ ಬೇರೆ. ಒಂದರ ಮೇಲೊಂದು, ಪಾಪ."

ಸಿಗ್ನೆ ಬ್ರೆಡ್ಡಿನ ಅಂಚು ಕತ್ತರಿಸುತ್ತಲೇ ಇದ್ದಳು.

*

ಮಾರ್ಚಿನಲ್ಲಿ ಅಪ್ಪ ಗೋಡೆ ಹಿಡಿದು ನಡೆಯತೊಡಗಿದ್ದ. ಮಾತು ತೊದಲುತ್ತಿತ್ತು. ಬೆಳಿಗ್ಗೆ ಎದ್ದರೆ ವಾಂತಿ. ಲಾರಿ ಯಾರದೋ ಅಂಚೆಪೆಟ್ಟಿಗೆಯನ್ನು ಕೆಡವಿತು. ಮತ್ತೆ ಕುಡಿಯುತ್ತಿದ್ದಾನೆ ಎಂದುಕೊಂಡು ಅವಳು ಎಲ್ಲವನ್ನೂ ದಿನಚರಿಯಲ್ಲಿ ಬರೆದಳು. ಅಪ್ಪನನ್ನು ಮಾತ್ರ ಕೇಳಲಿಲ್ಲ. ಒಂದು ಸಂಜೆ ಅವನು ಕುರ್ಚಿಯಲ್ಲೇ ನಿದ್ದೆಹೋಗಿದ್ದಾಗ ಬಾಗಿ ಉಸಿರು ಮೂಸಿದಳು. ಆಮೇಲೆ ಡೆಲ್‌ಗೆ ಫೋನ್ ಮಾಡಿದಳು.

"ಹೆಂಡದ ವಾಸನೆ ಬಂತಾ?"

"ಹೂಂ."

ಆ ವಾರದ ಕೂಟ ಮನೆಯವರೂ ಕೂರುವಂಥದ್ದು. ಅಪ್ಪ ಮೊದಲು, "ಇಲ್ಲ, ಕುಡಿದಿಲ್ಲ," ಎಂದ. ವಾಸನೆ ಹಿಡಿದವಳು ಸಿಗ್ನೆ ಎಂದ ಡೆಲ್. ಅಪ್ಪ ಅವಳ ಕಡೆ ತಿರುಗಿದ.

"ಸಿಗ್ನೆ ಸುಳ್ಳು ಹೇಳೋಳಲ್ಲ. ನಾನೇ... ಕುಡಿದು ಮರೆತಿರಬೇಕು."

ಹತ್ತೊಂಬತ್ತು ವರ್ಷ ಕುಡಿಯದೆ ಇದ್ದದ್ದಕ್ಕೆ ಕೂಟ ಕೊಟ್ಟಿದ್ದ ಕಂಚಿನ ಬಿಲ್ಲೆಯನ್ನು ಮೇಜಿನ ಮೇಲಿಟ್ಟು, ಮೊದಲ ದಿನದವರಿಗೆ ಕೊಡುವ ಬಿಳಿ ಪ್ಲಾಸ್ಟಿಕ್ ಬಿಲ್ಲೆ ಎತ್ತಿಕೊಂಡ.

ಆಗಸ್ಟಿನಲ್ಲಿ ಮೆಟ್ಟಿಲಿಂದ ಬಿದ್ದಾಗಲೇ ತಲೆಯ ಸ್ಕ್ಯಾನ್ ಆದದ್ದು. "ಹಿಂಭಾಗದ ಚಿಕ್ಕ ಮೆದುಳಲ್ಲಿ ಗಡ್ಡೆ," ಎಂದರು ಡಾಕ್ಟರು. "ನಡಿಗೆ, ಮಾತು ಎರಡನ್ನೂ ಹದದಲ್ಲಿ ಇಡೋದು ಅದೇ. ತೂರಾಟ, ತೊದಲು, ಬೆಳಗಿನ ವಾಂತಿ, ಎಲ್ಲ ಇದರದ್ದೇ. ಮಾರ್ಚಲ್ಲೇ ಬಂದಿದ್ರೆ..."

ಕೇಳಿಸಿಕೊಂಡದ್ದು ಅವಳೊಬ್ಬಳೇ. ಅದನ್ನು ದಿನಚರಿಗೂ ಹೇಳಲಿಲ್ಲ.

*

ನೆಲಮಾಳಿಗೆಯಲ್ಲಿ ಡೆಲ್ ಅವಳ ಮುಂದೆ ಅಂಗೈ ತೆರೆದ. ಹೊಸ ಬಿಲ್ಲೆ. "ಆರು ತಿಂಗಳದ್ದು. ಮತ್ತೆ ಮೊದಲಿಂದ ಶುರುಮಾಡಿ ಇಷ್ಟು ಗಳಿಸಿದ್ದ, ಗಟ್ಟಿಗ. ಪೆಟ್ಟಿಗೇಲಿ ನೀನೇ ಇಡು, ಮರಿ."

ಅವಳು ಕೈ ಚಾಚಲಿಲ್ಲ. ಜೇಬಿನಿಂದ ಬಿಳಿ ಬಿಲ್ಲೆ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟಳು. ಆಸ್ಪತ್ರೆಯಲ್ಲಿ ಅಪ್ಪನ ಮುಷ್ಟಿಯಿಂದ ಬಿಡಿಸಿಕೊಂಡದ್ದು. ಹೆಬ್ಬೆರಳು ಉಜ್ಜಿ ಉಜ್ಜಿ ಅದರ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು.

"ಅವತ್ತು ವಾಸನೆ ಬಂದಿರ್ಲಿಲ್ಲ, ಡೆಲ್ ಮಾಮ."