ನಲವತ್ತು ನಿಮಿಷದ ಪಾಠ

ನಾನು 'ಅತ್ಯುತ್ತಮ' ಶಿಕ್ಷಕ. ಇದು ಬಡಾಯಿಯಲ್ಲ, ಸರ್ಕಾರದ ಮಾತು. ಮೊಹರು ಹಾಕಿದ ಆ ಕಾಗದಕ್ಕೆ ಅಮ್ಮ ಕಟ್ಟು ಹಾಕಿಸಿ ಮೇರಿ ಮಾತೆಯ ಪಕ್ಕದಲ್ಲೇ ತೂಗುಹಾಕಿದ್ದಾಳೆ. ನಮ್ಮ ಚಿಲಿಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ಮೇಷ್ಟ್ರುಗಳನ್ನು ಅಳೆಯುತ್ತಾರೆ. ಕ್ಯಾಮೆರಾದವನೊಬ್ಬ ಬಂದು ನಲವತ್ತು ನಿಮಿಷದ ಪಾಠವನ್ನು ಹಿಡಿದುಕೊಂಡು ಹೋಗುತ್ತಾನೆ. ಅದನ್ನು ರಾಜಧಾನಿ ಸಾಂತಿಯಾಗೊದಲ್ಲಿ ಕೂತ ಯಾರೋ ನೋಡಿ, ತಖ್ತೆ ತುಂಬಿ, ನಾವು ಎಂಥವರೆಂದು ತೀರ್ಮಾನಿಸುತ್ತಾರೆ. ಆ ನಲವತ್ತು ನಿಮಿಷದ ಪಾಠವನ್ನು ನಾನು ಒಂದೇ ವಾರದಲ್ಲಿ ಐದು ಸಲ ಮಾಡಿದ್ದೆ. ಐದನೆಯ ಸಲ ಕ್ಯಾಮೆರಾ ಇತ್ತು, ಅಷ್ಟೇ ವ್ಯತ್ಯಾಸ.

ಪಕ್ಕದ ಕೋಣೆಯ ದೋನ್ಯಾ ಸುನಿಲ್ದಾಗೆ ಈ ಬುದ್ಧಿ ಇರಲಿಲ್ಲ. ದೋನ್ಯಾ ಅಂದರೆ ನಮ್ಮಲ್ಲಿ ಅಮ್ಮಾವ್ರು ಅಂದಂತೆ. ಮೂವತ್ತೊಂದು ವರ್ಷದಿಂದ ಅದೇ ಕೋಣೆಯಲ್ಲಿ ಚಿಕ್ಕ ತರಗತಿಗಳ ಮಕ್ಕಳಿಗೆಲ್ಲ ಒಟ್ಟಿಗೇ ಪಾಠ ಮಾಡುತ್ತಿದ್ದವರು. ನನಗೂ ಅಕ್ಷರ ಕಲಿಸಿದವರು ಅವರೇ. ಪ್ರಶ್ನೆ ಹಾಕಿದ ಮೇಲೆ ಸರಿಯುತ್ತರಕ್ಕೆ ಕಾಯುವುದು ಅವರ ಪದ್ಧತಿಯಲ್ಲ. ಮೊದಲು ತಪ್ಪುಗಳನ್ನು ಕೇಳಿ, ಹಲಗೆಯ ಮೇಲೆ ದೊಡ್ಡದಾಗಿ ಬರೆದು, ಮಕ್ಕಳನ್ನು ಜಗಳಕ್ಕೆ ಬಿಡುವರು. ಕ್ಯಾಮೆರಾ ಬಂದ ದಿನವೂ ಹಾಗೇ ಮಾಡಿದರು. ಕಾಲು ಭಾಗ ದೊಡ್ಡದೋ, ಎಂಟನೇ ಒಂದು ಭಾಗ ದೊಡ್ಡದೋ ಎಂಬುದು ಅಂದಿನ ಪ್ರಶ್ನೆ.

"ಎಂಟನೇ ಒಂದು ಭಾಗನೇ ಅತ್ತೆ! ನಾಲ್ಕಕ್ಕಿಂತ ಎಂಟು ದೊಡ್ಡದಲ್ವಾ?" ಎಂದಳು ಐಲಿನ್ ಎಂಬ ಎಂಟು ವರ್ಷದ ಹುಡುಗಿ. ನಮ್ಮಲ್ಲಿ ಮಕ್ಕಳು ಟೀಚರನ್ನು ಅತ್ತೆ ಎಂದೇ ಕರೆಯುವುದು.

"ಅರೆ, ಹೌದಲ್ವೇನೇ!" ಎಂದು ದೋನ್ಯಾ ಸುನಿಲ್ದಾ ಅದನ್ನೇ ಹಲಗೆಯ ಮೇಲೆ ಬರೆದರು. ಆಮೇಲೆ ಚೀಲದಿಂದ ಮರ್ರಾಕೆತಾ ಬ್ರೆಡ್ಡುಗಳನ್ನು ತೆಗೆದು ಹಂಚಿದರು. ನಾಲ್ಕು ತುಂಡಾಗಿ ಮುರಿಯಲೆಂದೇ ಬೇಯಿಸಿದ ಬ್ರೆಡ್ಡು ಅದು. ಮಕ್ಕಳು ಮುರಿದರು, ಕೂಗಾಡಿದರು, ಇಬ್ಬರು ಸಾಕ್ಷಿಯನ್ನೇ ತಿಂದುಬಿಟ್ಟರು. ನಲವತ್ತು ನಿಮಿಷ ಮುಗಿಯಿತು, ಕ್ಯಾಮೆರಾದವನು ಗುಂಡಿ ಒತ್ತಿದ. ಅದಾಗಿ ಅರ್ಧ ನಿಮಿಷಕ್ಕೆ ಐಲಿನ್ ತನ್ನ ಕೈಯಲ್ಲಿದ್ದ ಎಂಟನೇ ಒಂದು ಚೂರನ್ನೂ ಪಕ್ಕದವನ ಕಾಲು ತುಂಡನ್ನೂ ನೋಡಿ, "ಅಯ್ಯೋ ಅತ್ತೆ, ನಾನೇ ಮೋಸ ಹೋದೆ!" ಎಂದು ಕಿರುಚಿದಳು. ಆ ಕಿರುಚಾಟ ಗೋಡೆಯಾಚೆ ನನಗೂ ಕೇಳಿಸಿತು. ಸಾಂತಿಯಾಗೊಗೆ ಮಾತ್ರ ಕೇಳಿಸಲಿಲ್ಲ.

ಫಲಿತಾಂಶ ಬಂತು: 'ಶಿಕ್ಷಕಿ ತಪ್ಪು ಉತ್ತರವನ್ನು ಅನುಮೋದಿಸಿದ್ದಾರೆ. ಅದು ಪಾಠ ಮುಗಿಯುವವರೆಗೂ ಹಲಗೆಯ ಮೇಲಿತ್ತು. ಆಹಾರದಿಂದ ಶಿಸ್ತಿಗೆ ಧಕ್ಕೆಯಾಗಿದೆ. ಅತೃಪ್ತಿಕರ.' ಮುಂದಿನ ವರ್ಷ ಮತ್ತೊಂದು ಅವಕಾಶ. ಆಗಲೂ ಇದೇ ಪದ ಬಂದರೆ ಮನೆಗೆ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ಕ್ಯಾಮೆರಾದವನು ಇನ್ನೊಂದು ನಿಮಿಷ ಕಾಯಬೇಕಿತ್ತು ಎಂದು ಅವರು ಹೇಳಿದ್ದಕ್ಕೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದು ಮುಖ್ಯೋಪಾಧ್ಯಾಯರು ಬೆನ್ನ ಹಿಂದೆ ನಕ್ಕರು. ನನಗೆ ಸಿಟ್ಟು ಬಂತು.

ಇಂಥವರನ್ನು ಸುಧಾರಿಸಲು ಸರ್ಕಾರವೇ ಒಂದು ದಾರಿ ಮಾಡಿಟ್ಟಿದೆ. 'ಅತೃಪ್ತಿಕರ'ರಿಗೆ 'ಅತ್ಯುತ್ತಮ'ರು ಒಂದು ವರ್ಷ ಪಾಠ ಹೇಳಬೇಕು. ನಮ್ಮ ಕಣಿವೆಯಲ್ಲಿ ಇದ್ದ ಅತ್ಯುತ್ತಮ ನಾನೊಬ್ಬನೇ. ಗುರುವಿಗೇ ತಿರುಮಂತ್ರ ಎಂಬ ಗಾದೆಗೆ ಸರ್ಕಾರಿ ಆದೇಶವೂ ಸಿಕ್ಕಂತಾಯಿತು.

ಮೊದಲ ಮಂಗಳವಾರ ದೋನ್ಯಾ ಸುನಿಲ್ದಾ ಹೊಸ ನೋಟುಪುಸ್ತಕ ತಂದು, ಪೆನ್ಸಿಲ್ ಚೂಪು ಮಾಡಿಕೊಂಡು ನನ್ನೆದುರು ಕೂತರು.

"ಶುರು ಮಾಡಿ ಮೇಷ್ಟ್ರೇ."

"ನಾಚಿಕೆ ಪಟ್ಕೋಬೇಡಿ ದೋನ್ಯಾ."

"ನಾಚಿಕೆ ಯಾಕೋ ಮರಿ? ಒಂದನೇ ಕ್ಲಾಸಲ್ಲಿ ನೀನು ಚಡ್ಡಿ ಒದ್ದೆ ಮಾಡ್ಕೊಂಡಾಗ ನಾನು ನಾಚ್ಕೊಂಡಿದ್ನಾ? ನಿನ್ನ ಪಾಠ ತೋರ್ಸು, ನೋಡೋಣ."

ನನ್ನ ಪಾಠದ ವಿಡಿಯೊವನ್ನು ಹೆಮ್ಮೆಯಿಂದಲೇ ಹಾಕಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು. ಹನ್ನೆರಡನೆಯ ನಿಮಿಷದಲ್ಲಿ "ನಿಲ್ಸು, ಹಿಂದಕ್ಕೆ ಹೋಗು" ಎಂದರು.

"ಈ ಹುಡುಗಿ ನೀನು ಪ್ರಶ್ನೆ ಮುಗಿಸೋಕ್ಕೆ ಮುಂಚೆನೇ ಉತ್ತರ ಹೇಳ್ತಾಳಲ್ಲೋ."

"ಚುರುಕು ಹುಡುಗಿ ದೋನ್ಯಾ."

"ಚುರುಕಲ್ಲ ಕಣೋ, ಭವಿಷ್ಯ ಹೇಳೋಳು. ಸಂತೇಲಿ ಇಸ್ಪೀಟ್ ಎಲೆ ಹಿಡ್ಕೊಂಡು ಕೂತ್ರೆ ಚೆನ್ನಾಗಿ ಸಂಪಾದಿಸ್ತಾಳೆ."

ಆ ಜಾಗಕ್ಕೆ ಮೌಲ್ಯಮಾಪಕರು 'ವಿದ್ಯಾರ್ಥಿಗಳ ಉತ್ಸಾಹಪೂರ್ಣ ಭಾಗವಹಿಸುವಿಕೆ' ಎಂದು ಬರೆದಿದ್ದರು. ಅದನ್ನು ಓದಿ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ನಗಿ, ನಗಿ. ಮುಂದಿನ ವರ್ಷ ನಿಮ್ಮನ್ನ ತೆಗೆದ್ರೆ ಇನ್ನೊಬ್ಬರು ಬರ್ತಾರೆ ಅಂದ್ಕೊಂಡ್ರಾ? ಕೋಣೆಗೆ ಬೀಗ ಹಾಕ್ತಾರೆ ಅಷ್ಟೇ. ನಿಮ್ಮ ಹದಿನಾಲ್ಕು ಮಕ್ಕಳು ದಿನಾ ಬೆಳಗ್ಗೆ ಐದೂವರೆಗೆ ಎದ್ದು ಬಸ್ಸಲ್ಲಿ ಪಟ್ಟಣಕ್ಕೆ ಹೋಗ್ಬೇಕು. ಐಲಿನ್‌ಗೆ ಬಸ್ಸಲ್ಲಿ ವಾಂತಿ ಆಗುತ್ತೆ, ಗೊತ್ತಲ್ಲ?"

ದೋನ್ಯಾ ಸುನಿಲ್ದಾ ನಗು ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು.

"ಏನ್ಮಾಡ್ಬೇಕು ಹೇಳಪ್ಪ," ಎಂದರು ಕೊನೆಗೆ.

ಹೇಳಿದೆ. ಮೂವತ್ತು ಮಂಗಳವಾರ ಹೇಳಿದೆ. ಮಕ್ಕಳಿಗೆ ಮೊದಲು ಉತ್ತರ ಕಲಿಸಿ, ಆಮೇಲೆ ಪ್ರಶ್ನೆ. ಗೊತ್ತಿಲ್ಲದವರು ಮಧ್ಯದ ಸಾಲಿನಲ್ಲಿ ತಲೆ ತಗ್ಗಿಸಿ ಬರೆಯುತ್ತಿರಲಿ. ಮೂವತ್ತೆಂಟನೆಯ ನಿಮಿಷಕ್ಕೆ 'ಇವತ್ತು ಏನು ಕಲಿತಿರಿ?' ಎಂದು ಕೇಳಬೇಕು, ಮೂವರು ಮೂರು ವಾಕ್ಯ ಹೇಳಬೇಕು. ಅವರು ಎಲ್ಲವನ್ನೂ ಬರೆದುಕೊಂಡರು. ನಾನು ಕಂಡ ಅತ್ಯಂತ ವಿಧೇಯ ವಿದ್ಯಾರ್ಥಿನಿ ಅವರೇ.

ಕ್ಯಾಮೆರಾ ಬರುವ ವಾರ ಪಾಠವನ್ನು ಆರು ಸಲ ಆಡಿಸಿದರು. ಮಕ್ಕಳಿಗೆ ಮೊದಲು ನಾಟಕದಂತೆ ಮಜವಾಗಿತ್ತು, ನಾಲ್ಕನೆಯ ಸಲಕ್ಕೆ ಬೇಸರವಾಯಿತು, ಆರನೆಯ ಸಲಕ್ಕೆ ಬಾಯಿಪಾಠವಾಯಿತು. ಹೋದ ಸಲದ ಕ್ಯಾಮೆರಾದವನೇ ಬಂದಿದ್ದ.

"ಈ ಸಲ ಬ್ರೆಡ್ ಇಲ್ವಾ ಅಮ್ಮ?" ಎಂದು ಕೇಳಿದ.

"ಇಲ್ಲಪ್ಪ. ಸುಧಾರಿಸಿದ್ದೀನಿ," ಎಂದರು ದೋನ್ಯಾ ಸುನಿಲ್ದಾ.

ಪಾಠ ಗಡಿಯಾರದಂತೆ ನಡೆಯಿತು. ಕೈಗಳು ಎದ್ದವು, ಉತ್ತರಗಳು ಬಂದವು, ಹಲಗೆಯ ಮೇಲೆ ಒಂದೂ ತಪ್ಪಿರಲಿಲ್ಲ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಕಾಗದ ಬಂತು: 'ಅತ್ಯುತ್ತಮ.' ಮುಖ್ಯೋಪಾಧ್ಯಾಯರು ಕೇಕು ತರಿಸಿದರು. ನೆಲ ಈಗ ನೆಟ್ಟಗಿತ್ತು. ಗುರುವನ್ನೇ ತಿದ್ದಿದ ಶಿಷ್ಯನೆಂದು ನನ್ನನ್ನು ಹೊಗಳಿದರು, ನಾನು ಸಂಕೋಚದಿಂದ ಎರಡು ತುಂಡು ತಿಂದೆ. ಕೋಣೆ ಉಳಿಯಿತು, ಬಸ್ಸು ತಪ್ಪಿತು. ನಿಜವಾಗಿಯೂ ಸಂತೋಷವಾಗಿತ್ತು ನನಗೆ.

ಶಾಲೆ ತೆರೆದ ಮೂರನೆಯ ದಿನ ಸೀಮೆಸುಣ್ಣ ಕೇಳಲು ಅವರ ಬಾಗಿಲಿಗೆ ಹೋದೆ. ಬಟ್ಟೆ ಒಣಗಿದರೆ ಅದರಲ್ಲಿದ್ದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಕ್ಕಳನ್ನು ಕೇಳುತ್ತಿದ್ದರು. ಹದಿನಾಲ್ಕು ಮಕ್ಕಳೂ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಯಾರೂ ತುಟಿ ಬಿಚ್ಚಲಿಲ್ಲ.

"ಏನಾದ್ರೂ ಹೇಳ್ರೋ. ಬಾಯಿಗೆ ಬಂದಿದ್ದು ಹೇಳಿ. ಐಲಿನ್, ನೀನು ಹೇಳಮ್ಮ."

ಐಲಿನ್ ಎದ್ದು ನಿಂತಳು. "ಅತ್ತೆ, ನೀವು ಉತ್ತರ ಮೊದ್ಲು ಹೇಳ್ಕೊಡಿ. ಆಮೇಲೆ ನಾವು ಕೈ ಎತ್ತೀವಿ."

ತಮಾಷೆಗೆ ಹೇಳಿದ್ದಲ್ಲ. ಅತ್ತೆ ಏನೋ ಮರೆತಿದ್ದಾರೆಂದು ಪಾಪ ನೆನಪಿಸಿದ್ದಳು. ದೋನ್ಯಾ ಸುನಿಲ್ದಾ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. ಆಮೇಲೆ ಬಾಗಿಲಲ್ಲಿದ್ದ ನನ್ನನ್ನು ನೋಡಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಕೇಳಿಸ್ತೇನೋ ಲಿಸಾಂದ್ರೊ?" ಎಂದರು. "ಎಷ್ಟು ಬೇಗ ಕಲ್ತಿದ್ದಾರೆ ನೋಡು."

ಸೀಮೆಸುಣ್ಣ ಕೇಳದೆ ನನ್ನ ಕೋಣೆಗೆ ಹಿಂತಿರುಗಿದೆ. ನನ್ನ ಮಕ್ಕಳೂ ಬೆನ್ನು ನೆಟ್ಟಗೆ ಮಾಡಿ, ತುಟಿ ಬಿಚ್ಚದೆ ಕೂತಿದ್ದರು. ಏಳು ವರ್ಷದಿಂದ ಹಾಗೇ ಕೂತಿದ್ದರು. ನಾನು ಅದನ್ನು ಶಿಸ್ತು ಅಂದುಕೊಂಡಿದ್ದೆ.