ಎಂಟು ಮೂವತ್ತೆಂಟರ ಬಸ್ಸು

ಮಗಳ ಹಿಂದೆ ಹೋಗುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟು ಹನ್ನೆರಡು ಗಂಟೆಯೂ ಕಳೆದಿರಲಿಲ್ಲ, ಅಪ್ಪ ಮಗಳ ಹಿಂದೆಯೇ ಹೊರಟಿದ್ದ. ತಲೆಗೆ ಟೋಪಿ, ಕುತ್ತಿಗೆಗೆ ಮಫ್ಲರು, ಕೈಯಲ್ಲಿ ಉದ್ದನೆಯ ಕರಿ ಕೊಡೆ. ಹೊರಗೆ ಮಳೆಯೂ ಇರಲಿಲ್ಲ, ಚಳಿಯೂ ಇರಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡಾಗ ತನ್ನ ಗುರುತು ತನಗೇ ಸಿಗುತ್ತಿಲ್ಲ ಎಂದು ಅವನಿಗೆ ಬಹಳ ಸಮಾಧಾನವಾಗಿತ್ತು. ಬೀದಿಯ ಕೊನೆಯಲ್ಲಿ ಹಾಲು ಮಾರುವವಳು ಮಾತ್ರ ದೂರದಿಂದಲೇ ಗುರುತು ಹಿಡಿದು, ಏನಣ್ಣ ಇಷ್ಟು ಬೇಗ ಹೊರಟಿರಿ ಎಂದು ಕೇಳಿದಳು.

ಅಪ್ಪನದು ವಾಚ್ ರಿಪೇರಿ ಕೆಲಸ. ಮನೆಯಿಂದ ಎರಡು ಬೀದಿ ಆಚೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ದೊಡ್ಡ ಅಂಗಡಿ. ವಾಚನ್ನು ಕಿವಿಗಿಟ್ಟುಕೊಂಡೇ ಅದರ ಕಾಯಿಲೆ ಹೇಳುತ್ತಾನೆ ಎಂದು ಗಿರಾಕಿಗಳು ಹೊಗಳುತ್ತಿದ್ದರು, ಅವನೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಮೂವತ್ತು ವರ್ಷ ಕಾಲು ಮಡಚಿಕೊಂಡು ಕೂತು ಎಡಗಾಲಿನ ಮಂಡಿ ಹಾಳಾಗಿತ್ತು. ಕೋಲು ಹಿಡಿಯಿರಿ ಎಂದು ಡಾಕ್ಟರು ಹೇಳಿದಾಗ, ಕೋಲು ಹಿಡಿಯುವ ವಯಸ್ಸು ತನಗಿನ್ನೂ ಬಂದಿಲ್ಲವೆಂದು ಕೊಡೆ ಹಿಡಿದಿದ್ದ.

ಮಗಳಿಗೆ ಇಪ್ಪತ್ತನಾಲ್ಕು. ಅವಳಿಗೆ ಎಲ್ಲವೂ ತಡವಾಗಿಯೇ ಬಂದದ್ದು. ನಡಿಗೆ ತಡ, ಮಾತು ತಡ, ಓದು ಅರ್ಧಂಬರ್ಧ. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದ್ದರು. ಅಪ್ಪ ಆ ಹೆಸರನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದು, ನಮ್ಮ ದೊರೆಸಾನಿಯವರಿಗೆ ಅವಸರ ಅನ್ನುವುದೇ ಇಲ್ಲ, ಅಷ್ಟೇ ಅಂದ. ಅಂದಿನಿಂದ ಮನೆಯಲ್ಲಿ ಅವಳು ದೊರೆಸಾನಿ. ಚಿಕ್ಕವಳಿದ್ದಾಗ ಕಣ್ಣಾಮುಚ್ಚಾಲೆ ಆಡುವಾಗ ದಿನವೂ ಅದೇ ಬಾಗಿಲ ಹಿಂದೆ ಅಡಗುತ್ತಿದ್ದಳು, ಕಾಲಿನ ಹೆಬ್ಬೆರಳೆರಡೂ ಹೊರಗೆ ಕಾಣುತ್ತಿದ್ದವು. ಅಪ್ಪ ಮಂಚದ ಕೆಳಗೆ ಬಗ್ಗಿ ನೋಡುತ್ತಿದ್ದ, ಬೀರು ತೆಗೆದು ನೋಡುತ್ತಿದ್ದ, ಅಯ್ಯೋ ನನ್ನ ಮಗಳು ಎಲ್ಲಿ ಹೋದಳೋ ಎಂದು ಗೋಳಾಡುತ್ತಿದ್ದ. ಆ ಹೆಬ್ಬೆರಳುಗಳ ಕಡೆ ಮಾತ್ರ ಯಾವತ್ತೂ ಕಣ್ಣು ಹಾಯಿಸುತ್ತಿರಲಿಲ್ಲ.

ಆ ದೊರೆಸಾನಿಗೆ ಈಗ ಕೆಲಸ ಸಿಕ್ಕಿತ್ತು. ನಗರದ ಇನ್ನೊಂದು ಅಂಚಿನಲ್ಲಿ ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಒಣಗಿ ಬಂದ ಹೊದಿಕೆ, ಹಾಸಿಗೆ ಬಟ್ಟೆಗಳನ್ನು ಮಡಿಸುವುದು ಅವಳ ಕೆಲಸ. ಅವಳ ಕೈ ನಿಧಾನ, ಆದರೆ ಅಂಚಿಗೆ ಅಂಚು ಕೂಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಲಾಂಡ್ರಿಯ ಮೇಲ್ವಿಚಾರಕಿ ಮೊದಲ ನೋಟಕ್ಕೇ ಒಪ್ಪಿದ್ದಳು. ಒಂದೇ ಒಂದು ಷರತ್ತು ಹಾಕಿದಳು. ಹಾಸಿಗೆ ಬಟ್ಟೆಯ ಎರಡು ತುದಿಗೆ ಇಬ್ಬರು ನಿಲ್ಲಬೇಕು, ಒಬ್ಬರು ಬರದಿದ್ದರೆ ಇನ್ನೊಬ್ಬರು ಕೈಕಟ್ಟಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಒಂಬತ್ತಕ್ಕೆ ಅಂದರೆ ಒಂಬತ್ತಕ್ಕೇ. ಮೊದಲ ವಾರ ನೋಡೋಣ, ಆಮೇಲೆ ಖಾಯಂ ಮಾಡೋಣ ಅಂದಿದ್ದಳು.

ದಾರಿ ಕಲಿಸಿದ್ದು ಅಮ್ಮ. ಅಮ್ಮ ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ. ರಜೆಯ ಒಂದು ತಿಂಗಳು ಪೂರ್ತಿ ಮಗಳ ಜೊತೆ ಓಡಾಡಿದಳು. ಮೊದಲ ವಾರ ಕೈಹಿಡಿದು, ಎರಡನೇ ವಾರ ಪಕ್ಕದಲ್ಲಿ, ಮೂರನೇ ವಾರ ರೈಲಿನ ಬೇರೆ ಬೋಗಿಯಲ್ಲಿ. ನಾಲ್ಕನೇ ವಾರ ದೊರೆಸಾನಿ ಒಬ್ಬಳೇ ಹೋಗಿ ಒಬ್ಬಳೇ ಬಂದಳು, ಒಂದು ದಿನವೂ ಬಸ್ಸು ತಪ್ಪಿಸಿಕೊಳ್ಳಲಿಲ್ಲ. ಅಪ್ಪನ ಪಾಲಿಗೆ ಬಂದದ್ದು ಕಾರ್ಡು ಬರೆಯುವ ಕೆಲಸ. ಅಂಗೈಯಗಲದ ರಟ್ಟಿನ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ, ದಾರ ಕಟ್ಟಿ ಅವಳ ಕೊರಳಿಗೆ ಹಾಕಿದ್ದ. ಎಂಟು ಹನ್ನೆರಡಕ್ಕೆ ರೈಲು. ಎಂಟು ಮೂವತ್ತೊಂದಕ್ಕೆ ಇಳಿಯುವುದು. ಮೇಲ್ಸೇತುವೆ ಹತ್ತಿ ಇಳಿದು ಎಂಟು ಮೂವತ್ತೆಂಟರ ಹದಿನೇಳನೇ ನಂಬರ್ ಬಸ್ಸು. ಎಂಟು ಐವತ್ತಮೂರಕ್ಕೆ ಲಾಂಡ್ರಿ. ಕೆಳಗೆ, ದಾರಿ ತಪ್ಪಿದ್ದರೆ ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ ಎಂದು ಅಮ್ಮನ ನಂಬರು. ವಾಚು ಬಿಚ್ಚಿಕೊಂಡು ಕೂತರೆ ಅಪ್ಪ ಫೋನು ಎತ್ತುವ ಆಸಾಮಿಯಲ್ಲ ಎಂದು ಅಮ್ಮ ತನ್ನದನ್ನೇ ಬರೆಸಿದ್ದಳು.

ಶಾಲೆ ಶುರುವಾಯಿತು. ಅಮ್ಮ ಏಳೂವರೆಗೆಲ್ಲ ಮನೆ ಬಿಡುವವಳು. ಹಿಂದೆ ಮುಂದೆ ಸುಳಿಯಬೇಡಿ, ಅವಳ ಪಾಡಿಗೆ ಅವಳನ್ನು ಬಿಡಿ ಎಂದು ಹಿಂದಿನ ರಾತ್ರಿಯೇ ಗಂಡನಿಗೆ ತಾಕೀತು ಮಾಡಿದ್ದಳು. ಅಪ್ಪ ಹೂಂ ಅಂದಿದ್ದ. ಆದರೆ ಅವನ ಅಂಗಡಿ ತೆರೆಯುವುದು ಹತ್ತಕ್ಕೆ. ಎಂಟರಿಂದ ಹತ್ತರವರೆಗೆ ಮನೆಯಲ್ಲಿ ಕೂತು ಏನು ಮಾಡುವುದು?

ಹಾಗಾಗಿ ಸೋಮವಾರ ಅಪ್ಪ ಪಕ್ಕದ ಬೋಗಿಯಲ್ಲಿದ್ದ. ಎಂಟು ಮೂವತ್ತೊಂದಕ್ಕೆ ರೈಲು ನಿಂತಿತು. ದೊರೆಸಾನಿ ಇಳಿದಳು, ಜನರ ನಡುವೆ ಚೀಲ ಎದೆಗವಚಿಕೊಂಡು ಮೇಲ್ಸೇತುವೆಯ ಕಬ್ಬಿಣದ ಮೆಟ್ಟಿಲು ಹತ್ತಿದಳು. ಅಪ್ಪ ಮೂವತ್ತು ನಲವತ್ತು ಮೆಟ್ಟಿಲು ಹಿಂದೆ, ಕೊಡೆ ಊರಿಕೊಂಡು, ಹಲ್ಲು ಕಚ್ಚಿಕೊಂಡು ಹತ್ತುತ್ತಿದ್ದ. ತಲೆಯೆತ್ತಿ ನೋಡಿದರೆ ಮೆಟ್ಟಿಲ ತುದಿಯಲ್ಲಿ ಮಗಳು ನಿಂತುಬಿಟ್ಟಿದ್ದಾಳೆ. ಕಂಬಿ ಹಿಡಿದುಕೊಂಡು, ಕೆಳಗಿನ ರೈಲುಗಳನ್ನು ನೋಡುತ್ತಾ. ಎಂಟು ಮೂವತ್ತೈದು, ಮೂವತ್ತಾರು. ನಡಿ ಮಗಳೇ ನಡಿ ಎಂದು ಅಪ್ಪ ಒಳಗೊಳಗೇ ಒದ್ದಾಡಿದ. ಅವನು ಮೇಲೆ ಮುಟ್ಟುವ ಹೊತ್ತಿಗೆ ಅವಳು ಹೊರಟಳು. ಅವಳು ಅತ್ತ ಇಳಿಯುವ ಹೊತ್ತಿಗೆ ಹದಿನೇಳನೇ ನಂಬರು ಹೊಗೆ ಬಿಟ್ಟುಕೊಂಡು ತಿರುವಿನಲ್ಲಿ ಮರೆಯಾಗುತ್ತಿತ್ತು.

ಮುಂದಿನ ಬಸ್ಸು ಎಂಟು ಐವತ್ತೆಂಟಕ್ಕೆ. ಅವಳು ಅದನ್ನು ಹತ್ತುವವರೆಗೆ ಅಪ್ಪ ಕಂಬದ ಮರೆಯಲ್ಲಿ ನಿಂತು ಕೈಕೈ ಹಿಸುಕಿಕೊಂಡು ವಾಪಸ್ಸಾದ. ಬಸ್ಸಿನೊಳಗೆ ಅಡಗಲು ಜಾಗವಿಲ್ಲವಾದ್ದರಿಂದ ಅವನ ಪತ್ತೇದಾರಿಕೆ ಅಲ್ಲಿಗೇ ಮುಗಿಯುತ್ತಿತ್ತು. ದೊರೆಸಾನಿ ಲಾಂಡ್ರಿಗೆ ಹದಿಮೂರು ನಿಮಿಷ ತಡ.

ಮಂಗಳವಾರವೂ ಅದೇ ಕಥೆ. ಬುಧವಾರವೂ ಅದೇ. ಬುಧವಾರ ಸಂಜೆ ಅಮ್ಮ ಕೇಳಿದಳು, ನನ್ನ ಜೊತೆ ಬರುವಾಗ ತಪ್ಪದ ಬಸ್ಸು ಈಗ ಯಾಕೆ ತಪ್ಪುತ್ತಿದೆ ಎಂದು. ದೊರೆಸಾನಿ ಒಮ್ಮೆ ಅಪ್ಪನ ಮುಖ ನೋಡಿದಳು, ಆಮೇಲೆ ತಟ್ಟೆ ನೋಡಿದಳು. ಮೆಟ್ಟಿಲು ಜಾಸ್ತಿ ಇವೆ ಅಂದಳು. ಅಪ್ಪನ ಸ್ಥಿತಿ ಕೇಳುವುದೇ ಬೇಡ. ಕಣ್ಣಾರೆ ಕಂಡದ್ದನ್ನು ಹೇಳಿದರೆ ತನ್ನ ಬಂಡವಾಳ ಬಯಲಾಗುತ್ತದೆ, ಹೇಳದಿದ್ದರೆ ಮಗಳ ಕೆಲಸ ಹೋಗುತ್ತದೆ. ಕೊನೆಗೆ ಗೋಡೆ ಕಡೆ ಮುಖ ಮಾಡಿ, ಯಾರೇ ಆಗಲಿ ದಾರಿಯಲ್ಲಿ ರೈಲು ನೋಡಿಕೊಂಡು ನಿಲ್ಲಬಾರದು ಎಂದು ಲೋಕಕ್ಕೆಲ್ಲ ಅನ್ವಯಿಸುವಂತೆ ಹೇಳಿದ. ಅಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಮುಂಚಿನ ರೈಲಿಗೆ ಕಳಿಸೋಣವೇ ಎಂಬ ಮಾತೂ ಬಂತು, ಆದರೆ ಅದು ವೇಗದ ರೈಲು, ಅವಳು ಇಳಿಯುವ ನಿಲ್ದಾಣದಲ್ಲಿ ನಿಲ್ಲುವುದೇ ಇಲ್ಲ.

ಗುರುವಾರ ಸಂಜೆ ಮೇಲ್ವಿಚಾರಕಿಯ ಫೋನು ಬಂತು. ಹುಡುಗಿ ಚಿನ್ನದಂಥವಳು, ಆದರೆ ನಾಲ್ಕು ದಿನವೂ ತಡ, ನಾಳೆಯೂ ತಡವಾದರೆ ತನ್ನ ಕೈಯಲ್ಲಿ ಏನೂ ಇಲ್ಲ ಎಂದು ನೊಂದುಕೊಂಡೇ ಹೇಳಿದಳಂತೆ. ಫೋನಿಟ್ಟು ಅಮ್ಮ ಇಬ್ಬರಿಗೂ ಅದನ್ನೇ ಹೇಳಿದಳು. ದೊರೆಸಾನಿ ಮಾತ್ರ ಲಾಂಡ್ರಿಯಲ್ಲಿ ಕೊಟ್ಟ ನೀಲಿ ಮೇಲಂಗಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿ, ಬೆಳಗಿಗೆಂದು ಚೀಲದೊಳಗೆ ಇಟ್ಟುಕೊಂಡಳು. ಈ ಮೇಲಂಗಿ ವಾಪಸ್ ಕೊಡುವ ಹಾಗೆ ಆಗಬಾರದು ಎಂದು ಅಪ್ಪ ಮನಸ್ಸಿನಲ್ಲೇ ಶಪಥ ಮಾಡಿದ. ನಾಳೆ ಹಿಡಿದುಬಿದ್ದರೂ ಪರವಾಗಿಲ್ಲ, ಮೇಲ್ಸೇತುವೆಯ ಮೇಲೆ ಅವಳ ಕೈಹಿಡಿದು ಎಳೆದುಕೊಂಡಾದರೂ ಹೋಗಿ ಬಸ್ಸು ಹತ್ತಿಸುವುದೇ ಸೈ.

ಶುಕ್ರವಾರ ರೈಲು ಸರಿಯಾದ ಹೊತ್ತಿಗೇ ಬಂತು. ಅಪ್ಪ ಅಂದು ಹಿಂದೆ ಉಳಿಯಲಿಲ್ಲ, ಜನರನ್ನು ತಳ್ಳಿಕೊಂಡು ಮೆಟ್ಟಿಲು ಹತ್ತತೊಡಗಿದ. ಹತ್ತು, ಹದಿನೈದು, ಇಪ್ಪತ್ತು. ಇಪ್ಪತ್ತೊಂದನೆಯ ಮೆಟ್ಟಿಲಿಗೆ ಮಂಡಿಯೊಳಗೆ ಏನೋ ಕಳಕ್ ಎಂದಿತು. ಕಣ್ಣು ಕತ್ತಲೆ ಬಂದು, ಕಂಬಿ ಹಿಡಿದುಕೊಂಡು ಅಲ್ಲೇ ಕುಸಿದು ಕೂತ. ಜನ ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು ಸರಿದುಕೊಂಡು ಹತ್ತಿದರು. ಮೇಲೆ ಎಂದಿನಂತೆ ದೊರೆಸಾನಿ ನಿಂತಿದ್ದಳು, ರೈಲುಗಳ ಕಡೆ ಮುಖ ಮಾಡಿ. ಎಲ್ಲ ಮುಗಿಯಿತು ಎಂದುಕೊಂಡ ಅಪ್ಪ.

ಆಗ ಅವಳು ತಿರುಗಿದಳು. ಐದು ದಿನದಲ್ಲಿ ಮೊದಲ ಬಾರಿಗೆ ಹಿಂದಕ್ಕೆ ತಿರುಗಿ ನೋಡಿದಳು. ಟೋಪಿ, ಮಫ್ಲರುಗಳ ಮೇಲೆ ಅವಳ ಕಣ್ಣು ಒಂದು ಕ್ಷಣವೂ ತಡವರಿಸಲಿಲ್ಲ. ಏರಿ ಬರುವ ಜನರ ನಡುವೆ ಒಂದೊಂದೇ ಮೆಟ್ಟಿಲು ಇಳಿದು ಬಂದು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಕೊಡೆ ಸದ್ದು ನಿಂತುಹೋಯ್ತು," ಅಂದಳು. "ಬಿದ್ಯಾ ಅಪ್ಪಾ?"

"ಯಾವ ಸದ್ದು?"

"ನಿನ್ನ ಕೊಡೆದು. ದಿನಾ ಟಕ್ ಟಕ್ ಅಂತ ಬರುತ್ತಲ್ಲ."

ಅಪ್ಪ ಕೊಡೆಯ ಕಬ್ಬಿಣದ ಮೊನೆ ನೋಡಿದ, ಕಬ್ಬಿಣದ ಮೆಟ್ಟಿಲು ನೋಡಿದ. ಊರವರ ವಾಚಿನ ಸದ್ದಿಗೆಲ್ಲ ಕಿವಿಗೊಟ್ಟವನಿಗೆ ತನ್ನ ಕೈಯಲ್ಲಿದ್ದ ಕೊಡೆಯ ಸದ್ದು ಒಂದು ದಿನವೂ ಕೇಳಿಸಿರಲಿಲ್ಲ.

"ನಾನು ಬರೋದು ನಿನಗೆ ಗೊತ್ತಿತ್ತಾ?"

"ಸೋಮವಾರಾನೇ ಗೊತ್ತಾಯ್ತು. ನೀನು ಅಡಗಿಕೊಂಡಿದ್ಯಲ್ಲ, ಅದಕ್ಕೆ ನಾನು ತಿರುಗಿ ನೋಡಲಿಲ್ಲ." ಇದರಲ್ಲಿ ಕೇಳುವಂಥದ್ದೇನಿದೆ ಎಂಬಂತಿತ್ತು ಅವಳ ಮುಖ. "ಅಮ್ಮಂಗೂ ಹೇಳಿಲ್ಲ. ನಿನ್ನ ಬೈತಾಳೆ."

"ಮತ್ತೆ ಮೇಲೆ ಯಾಕಮ್ಮ ನಿಲ್ತಿದ್ದೆ?"

"ನೀನು ಹತ್ತಬೇಕಲ್ಲ. ನಿನಗೆ ಮಂಡಿ ನೋವು."

ಅಪ್ಪನಿಗೆ ಆಗ ಅರ್ಥವಾಯಿತು. ನಾಲ್ಕು ದಿನ ಬಸ್ಸು ತಪ್ಪಿಸಿದ್ದು ರೈಲುಗಳಲ್ಲ, ಅವಳ ನಿಧಾನವೂ ಅಲ್ಲ. ತಾನು. ಕಾಯಲು ಬಂದವನನ್ನೇ ಕಾಯುತ್ತಾ ನಿಂತು ಅವಳು ಕೆಲಸ ಕಳೆದುಕೊಳ್ಳುವುದರಲ್ಲಿದ್ದಳು. ವಾಚು ನೋಡಿದ. ಎಂಟು ಮೂವತ್ತೈದು. ಇನ್ನೂ ಮೂರು ನಿಮಿಷವಿತ್ತು.

"ಹೋಗು ದೊರೆಸಾನಿ. ಬಸ್ಸು ಬರುತ್ತೆ."

"ನೀನು?"

"ನಾನು ಇಲ್ಲೇ ಕೂತಿರ್ತೀನಿ. ಇನ್ನು ಯಾವತ್ತೂ ನಿನ್ನ ಹಿಂದೆ ಬರಲ್ಲ. ಆಣೆ."

ದೊರೆಸಾನಿ ಯೋಚಿಸಿದಳು. ಅವಳ ಯೋಚನೆಗೆ ಅದರದೇ ಹೊತ್ತು ಬೇಕು. ಅಪ್ಪನ ಬಾಯಿಗೆ ಬೇಗ ಬೇಗ ಎಂಬ ಮಾತು ಬಂದಿತ್ತು, ಅದನ್ನು ಅಲ್ಲೇ ನುಂಗಿದ. ಅವಳು ಕೊರಳಿನ ಕಾರ್ಡನ್ನು ತೆಗೆದು, ಅವನ ಟೋಪಿ ಎತ್ತಿ, ದಾರವನ್ನು ಅವನ ಕೊರಳಿಗೆ ಹಾಕಿ, ಟೋಪಿಯನ್ನು ಮತ್ತೆ ಸರಿಯಾಗಿ ಕೂರಿಸಿದಳು.

"ಮನೆ ಕಡೆ ರೈಲು ಎರಡನೇ ಪ್ಲಾಟ್‌ಫಾರ್ಮಿಗೆ ಬರುತ್ತೆ. ಗೊತ್ತಾಗದಿದ್ರೆ ಯಾರಿಗಾದ್ರೂ ಈ ಕಾರ್ಡ್ ತೋರಿಸು. ಹೆದರಬೇಡ."

"ನಿನಗೆ ಬೇಡವಾ?"

"ನನಗೆ ಬಾಯಿಪಾಠ."

ಅವಳು ಓಡಿದಳು ಅಂದರೆ ಸುಳ್ಳಾಗುತ್ತದೆ. ದೊರೆಸಾನಿ ಹುಟ್ಟಿದಾಗಿನಿಂದ ಓಡಿದವಳಲ್ಲ. ಆದರೆ ಮೆಟ್ಟಿಲ ತುದಿಯಲ್ಲಿ ನಿಲ್ಲಲಿಲ್ಲ, ರೈಲುಗಳ ಕಡೆ ನೋಡಲಿಲ್ಲ. ಅಪ್ಪ ಕೂತಲ್ಲಿಂದಲೇ ಕುಂಡೆ ಊರಿಕೊಂಡು ಒಂದೊಂದೇ ಮೆಟ್ಟಿಲು ಹಿಮ್ಮುಖವಾಗಿ ಏರಿದ. ಮರ್ಯಾದೆಯ ಮಾತು ಆಮೇಲೆ. ಮೇಲೆ ಮುಟ್ಟಿ, ಕಂಬಿಯ ಸಂದಿಯಿಂದ ಕೆಳಗೆ ನೋಡಿದಾಗ ಎಂಟು ನಲವತ್ತಾಗಿತ್ತು. ಬಸ್ ಸ್ಟಾಪು ಖಾಲಿ. ಒಂದು ನರಪಿಳ್ಳೆಯೂ ಇರಲಿಲ್ಲ. ನೀಲಿ ಮೇಲಂಗಿಯ ಚೀಲವೂ ಇರಲಿಲ್ಲ. ಅಪ್ಪನಿಗೆ ಅಳು ಬಂತು. ತಡೆಯಲು ಹೋಗಲಿಲ್ಲ, ಅತ್ತ. ಆ ಮಫ್ಲರು ಕೊನೆಗೂ ಒಂದು ಉಪಯೋಗಕ್ಕೆ ಬಂತು.

ಸೇತುವೆ ಗುಡಿಸಲು ಬಂದ ಹೆಂಗಸು ಪೊರಕೆ ನಿಲ್ಲಿಸಿ ನೋಡಿದಳು. ನೆಲದ ಮೇಲೆ ಕೂತು ಅಳುತ್ತಿರುವ ವಯಸ್ಸಾದ ಮನುಷ್ಯ, ಕೊರಳಲ್ಲೊಂದು ಕಾರ್ಡು. ಬಗ್ಗಿ ಓದಿದಳು. ಪಾಪ, ದಾರಿ ತಪ್ಪಿದೆ ಅಂದುಕೊಂಡಳು. ಇವನು ಬೇಡ ಬೇಡ ಅನ್ನುತ್ತಿದ್ದಂತೆಯೇ ತನ್ನ ಫೋನಿನಿಂದ ನಂಬರು ಒತ್ತಿ, ನಿಮ್ಮವರೊಬ್ಬರು ಇಲ್ಲಿ ಮೇಲ್ಸೇತುವೆ ಮೇಲಿದ್ದಾರೆ ಅಂದಳು. ಅತ್ತಲಿಂದ ನನ್ನ ಮಗಳಾ ಎಂಬ ಕೂಗು ಬಂದದ್ದಕ್ಕೆ, ಗಾಬರಿ ಮಾಡಿಕೊಳ್ಳಬೇಡಿ, ಹುಡುಗಿಯಲ್ಲ, ಟೋಪಿ ಹಾಕಿಕೊಂಡಿರುವ ಯಜಮಾನರು ಎಂದು ಹೇಳಿ ಫೋನನ್ನು ಅವನ ಕಿವಿಗಿಟ್ಟಳು.

ಆ ಕಡೆ ಶಾಲೆಯ ಗಂಟೆ ದೂರದಲ್ಲಿ ಹೊಡೆಯುತ್ತಿತ್ತು.

"ಅವಳು ಬಸ್ಸು ಹತ್ತಿದಳಾ?" ಅಮ್ಮ ಕೇಳಿದಳು.

"ಹತ್ತಿದಳು."

"ಅಲ್ಲೇ ಕೂತಿರಿ. ಆ ಮೆಟ್ಟಿಲು ಇಳಿಯೋಕೆ ಹೋಗಬೇಡಿ. ನಾನು ಬರ್ತೀನಿ."

ಅಪ್ಪ ಅಲ್ಲೇ ಕೂತ. ಗುಡಿಸುವವಳು ಅವನ ಸುತ್ತಲಿನ ಜಾಗ ಬಿಟ್ಟು ಉಳಿದದ್ದನ್ನು ಗುಡಿಸಿ ಹೋದಳು. ಎಂಟು ಐವತ್ತಮೂರಕ್ಕೆ, ಈಗ ಇಳಿದಿರುತ್ತಾಳೆ ಅಂದುಕೊಂಡ. ಒಂಬತ್ತು ಹೊಡೆದಾಗ ಕೊರಳಿನ ಕಾರ್ಡನ್ನು ಅಂಗೈಯಲ್ಲಿ ಹಿಡಿದುಕೊಂಡ. ಅಲ್ಲಿ ಹಾಸಿಗೆ ಬಟ್ಟೆಯ ಒಂದು ತುದಿ ಅವಳ ಕೈಯಲ್ಲಿರುತ್ತದೆ, ಇನ್ನೊಂದು ತುದಿಯನ್ನು ಬೇರೆ ಯಾರೋ ಹಿಡಿದಿರುತ್ತಾರೆ.