ಕಟರೈನಾ ಅಜ್ಜಿಯ ಬಾಚಣಿಗೆ

ಫಿಜಿಯ ಸುವಾ ನಗರದ ಕಾಲೇಜಿಗೆ ಬಂದು ವರ್ಷವಾಗುತ್ತ ಬಂದರೂ ರೆರೆಯಾಳ ಹತ್ತಿರ ಯಾರೂ ಏನನ್ನೂ ಕೇಳಿರಲಿಲ್ಲ. ಹಾಸ್ಟೆಲಿನ ಹುಡುಗಿಯರು ಒಳ್ಳೆಯವರೇ, ಎದುರಾದರೆ ನಗುತ್ತಿದ್ದರು. ಆದರೆ ಒಬ್ಬಳಾದರೂ "ನಿನ್ನ ಚಪ್ಪಲಿ ಕೊಡೇ, ಹಾಕ್ಕೊಂಡ್ ಹೋಗ್ತೀನಿ" ಅಂದವಳಲ್ಲ. ಕಿರಿಬಾಸ್ ದ್ವೀಪದ ಹುಡುಗಿಗೆ ಇದಕ್ಕಿಂತ ದೊಡ್ಡ ಒಂಟಿತನವಿಲ್ಲ. ಅಲ್ಲಿ ನಮ್ಮವರು ಅನ್ನಿಸಿದವರ ಹತ್ತಿರ ಮಾತ್ರ ಜನ ಬಾಯಿಬಿಟ್ಟು ಕೇಳುತ್ತಾರೆ. ಅದಕ್ಕೆ ಬುಬುಸಿ ಅಂತ ಹೆಸರು. ಕೇಳಿಸಿಕೊಂಡವರು ಇಲ್ಲ ಅನ್ನುವ ಹಾಗಿಲ್ಲ. ಇಲ್ಲ ಅಂದುಬಿಟ್ಟರೆ ಸಂಬಂಧವನ್ನೇ ಕಡಿದುಕೊಂಡಂತೆ.

ಕಾಲೇಜಿನ ಸೇವಾ ತಂಡ ಪ್ರತಿ ಶನಿವಾರ ವೃದ್ಧಾಶ್ರಮಕ್ಕೆ ಹೋಗುತ್ತಿತ್ತು. ರೆರೆಯಾ ಸೇರಿದ್ದು ಸೇವೆಯ ಹುಮ್ಮಸ್ಸಿನಿಂದೇನೂ ಅಲ್ಲ, ಖಾಲಿ ಶನಿವಾರಗಳನ್ನು ಕಳೆಯಲಾರದೆ. ಅಲ್ಲಿ ರಾಂಬಿ ದ್ವೀಪದ ಕಟರೈನಾ ಅಜ್ಜಿ ಸಿಕ್ಕಳು. ಇಬ್ಬರದೂ ಒಂದೇ ಭಾಷೆ, ಒಂದೇ ರೂಢಿ. ರೆರೆಯಾ ಅವಳ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಾಚುತ್ತಿದ್ದಳು. ಅಜ್ಜಿ ಪ್ರತಿ ಸಲವೂ "ಉಪಕಾರ ಆಯ್ತು ಮಗಳೇ" ಅನ್ನುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ರೆರೆಯಾಳಿಗೆ ಅಳು ಬರುತ್ತಿತ್ತು. ಮನೆಯವರಿಗೆ ಯಾರಾದರೂ ಉಪಕಾರ ಹೇಳುತ್ತಾರೆಯೇ?

ಆ ವರ್ಷದ ಕೊನೆಯ ಭೇಟಿಯ ಶನಿವಾರ ತಂಡದ ಮೇಡಂ ಬಾಗಿಲಲ್ಲಿ ನಿಂತು ಎಲ್ಲರನ್ನೂ ವ್ಯಾನಿಗೆ ಕರೆಯುತ್ತಿದ್ದರು. ಅಜ್ಜಿ ರೆರೆಯಾ ತೊಟ್ಟಿದ್ದ ತಂಡದ ಹಳದಿ ಅಂಗಿಯ ಅಂಚು ಹಿಡಿದಳು.

"ಈ ಅಂಗಿ ನಂಗೆ ಕೊಡು."

"ಅಯ್ಯೋ ಅಜ್ಜಿ, ಇದು ಕಾಲೇಜಿಂದು. ವಾಪಸ್ ಕೊಡ್ಬೇಕು. ನಾವು ಇಲ್ಲಿಯೋರಿಗೆ ಏನೂ ಕೊಡೋ ಹಾಗಿಲ್ಲ."

ಅಜ್ಜಿ ಕೈ ಬಿಟ್ಟಳು. "ಇರ್ಲಿ ಬಿಡಿ. ನಿಮಗ್ಯಾಕೆ ತೊಂದ್ರೆ."

ವ್ಯಾನು ಮಾರುಕಟ್ಟೆ ದಾಟುವಷ್ಟರಲ್ಲಿ ಅಜ್ಜಿ ಮಾಡಿದ್ದು ಬುಬುಸಿ ಎಂದು ರೆರೆಯಾಳಿಗೆ ಹೊಳೆಯಿತು. ವರ್ಷವಿಡೀ ಯಾವ ಮಾತಿಗೆ ಕಾದಿದ್ದಳೋ ಅದು ಬಂದಾಗ ಈ ದಡ್ಡಿ ನಿಯಮ ಒಪ್ಪಿಸಿ ಬಂದಿದ್ದಳು.

ಮುಂದಿನ ಶನಿವಾರ ಬಸ್ಸು ಹತ್ತಿ ಒಬ್ಬಳೇ ಹೋದಳು. ಮೇಡಂ ಅವರ ಬೆನ್ನು ಬಿದ್ದು ಉಳಿಸಿಕೊಂಡ ಅಂಗಿ ಚೀಲದಲ್ಲಿತ್ತು. ಅಜ್ಜಿ ಅದನ್ನು ಮಡಿಚಿ ಮಂಚದ ತುದಿಗೆ ಸರಿಸಿದಳು.

"ಬೇಡಮ್ಮ. ನೀವು ಸೇವೆಗೆ ಬರೋರು. ಕೇಳಿದ್ದು ನಂದೇ ತಪ್ಪು."

ರೆರೆಯಾಳಿಗೆ ಇಷ್ಟು ದೂರ ಬಂದೂ ಹಾಸ್ಟೆಲಿನ ಕೋಣೆಯಲ್ಲೇ ಕೂತಂತಿತ್ತು. ಅಜ್ಜಿಯ ಮಡಿಲಲ್ಲಿ ಮರದ ಬಾಚಣಿಗೆಯಿತ್ತು. ಸತ್ತ ಗಂಡ ಕೆತ್ತಿಕೊಟ್ಟದ್ದು, ಅವಳದೆನ್ನುವ ಒಂದೇ ವಸ್ತು. ರೆರೆಯಾ ಕೈ ಚಾಚಿದಳು.

"ಅಜ್ಜಿ, ಆ ಬಾಚಣಿಗೆ ನಂಗೆ ಕೊಡು."

ಪಕ್ಕದ ಮಂಚದ ಮುದುಕಿಗೆ ಮಾತು ತಿಳಿಯದಿದ್ದರೂ ಕೈ ಕಂಡಿತು. "ಎಲಾ ಇವ್ಳಾ! ಸೇವೆಗೆ ಅಂತ ಬಂದು ಮುದುಕಿ ಬಾಚಣಿಗೆಗೇ ಕಣ್ಣು ಹಾಕ್ತಾಳಲ್ಲ!"

ಕಟರೈನಾ ಬಾಚಣಿಗೆಯ ಹಲ್ಲಿಗೆ ಸಿಕ್ಕಿದ್ದ ಬಿಳಿ ಕೂದಲನ್ನು ಬಿಡಿಸಿದಳು. ಆಮೇಲೆ ಬಾಚಣಿಗೆಯನ್ನು ಅವಳ ಅಂಗೈಯಲ್ಲಿಟ್ಟು, ಅಂಗಿಯನ್ನು ಎಳೆದು ದಿಂಬಿನಡಿ ತುರುಕಿದಳು. ಇಬ್ಬರೂ ಉಪಕಾರ ಹೇಳಲಿಲ್ಲ.

"ಇನ್ನು ನನ್ನ ತಲೆ ಯಾತರಲ್ಲಿ ಬಾಚ್ಕೊಳ್ಲಿ? ವಾರ ವಾರ ಅದನ್ನ ತಗೊಂಡ್ ಬಂದು ಸಾಯಿ," ಎಂದು ಗೊಣಗುತ್ತ ಅಜ್ಜಿ ಅವಳಿಗೆ ಬೆನ್ನು ಮಾಡಿ ಕೂತು ಜಡೆ ಬಿಚ್ಚಿದಳು.